ಓದುಗರ ಪ್ರಶ್ನೆ: ಒರೆಸಿದರೂ ಮರಳುವ ಗೆರೆ, ಬದಲಿಸಿದರೂ ಮರಳುವ ಎರರ್

ಪ್ರಿಂಟರ್, ಸ್ಕ್ಯಾನರ್, ಜೆರಾಕ್ಸ್ ಮೂರೂ ಒಂದರಲ್ಲೇ ಇರುವ ಕಚೇರಿ ಯಂತ್ರಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರ ದೂರು ಯಂತ್ರ ಕೆಟ್ಟಿತು ಎಂಬುದಲ್ಲ. ರಿಪೇರಿ ಆಯಿತು, ದುಡ್ಡೂ ಕೊಟ್ಟೆವು, ಮತ್ತೆ ಅದೇ ತೊಂದರೆ ಬಂತು ಎಂಬುದು.

ಪ್ರಶ್ನೆ: ಕಾಪಿ ತೆಗೆದರೆ ಹಾಳೆಯ ಉದ್ದಕ್ಕೂ ಕೂದಲೆಳೆಯಷ್ಟು ಕಪ್ಪು ಗೆರೆ ಬೀಳುತ್ತದೆ. ಸರ್ವಿಸ್‌ನವರು ಡ್ರಮ್ ಬದಲಿಸಿದರು. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಅದೇ ಗೆರೆ. ಈಗ ಟೋನರ್ ಕೂಡ ಬದಲಿಸಿ ಎನ್ನುತ್ತಿದ್ದಾರೆ.
— ದ್ವಿತೀಯ ದರ್ಜೆ ಸಹಾಯಕರೊಬ್ಬರು, ಚಿತ್ರದುರ್ಗ

ಉತ್ತರ: ಟೋನರ್‌ಗೆ ದುಡ್ಡು ಕೊಡುವ ಮೊದಲು ಮೂರು ಹಾಳೆ ಖರ್ಚು ಮಾಡಿ. ಮೊದಲನೆಯದು, ಕಂಪ್ಯೂಟರಿನಿಂದ ಯಾವುದಾದರೂ ಪುಟವನ್ನು ಪ್ರಿಂಟ್ ಕೊಡಿ. ಎರಡನೆಯದು, ಮುಚ್ಚಳ ಎತ್ತಿ ದೊಡ್ಡ ಗಾಜಿನ ಮೇಲೆ ಮೂಲಹಾಳೆ ಇಟ್ಟು ಕಾಪಿ ತೆಗೆಯಿರಿ. ಮೂರನೆಯದು, ಅದೇ ಹಾಳೆಯನ್ನು ಮೇಲಿನ ಫೀಡರ್‌ಗೆ, ಅಂದರೆ ಎಡಿಎಫ್‌ಗೆ ಹಾಕಿ ಕಾಪಿ ತೆಗೆಯಿರಿ. ಪ್ರಿಂಟ್‌ನಲ್ಲೂ ಗೆರೆ ಇದ್ದರೆ ಮಾತ್ರ ಹಾಳೆಗೆ ಅಚ್ಚು ಮೂಡಿಸುವ ಡ್ರಮ್, ಅದರ ಪುಡಿಮಸಿಯಾದ ಟೋನರ್ ಕಡೆ ನೋಡಬೇಕು. ಪ್ರಿಂಟ್ ಸ್ವಚ್ಛ, ಗಾಜಿನ ಮೇಲಿನ ಕಾಪಿಯೂ ಸ್ವಚ್ಛ, ಫೀಡರ್‌ನ ಕಾಪಿಯಲ್ಲಿ ಮಾತ್ರ ಗೆರೆ ಎಂದಾದರೆ ಡ್ರಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮದು ಇದೇ ಇರಬೇಕು. ಡ್ರಮ್ ಹಾಕಲು ಬಂದವರು ಹೋಗುವಾಗ ಅಭ್ಯಾಸಬಲದಿಂದ ಗಾಜನ್ನೊಮ್ಮೆ ಒರೆಸಿರುತ್ತಾರೆ. ಎರಡು ದಿನ ಸರಿಯಿದ್ದದ್ದು ಆ ಒರೆಸಿದ್ದರಿಂದ.

ದೊಡ್ಡ ಗಾಜಿನ ಎಡಪಕ್ಕದಲ್ಲಿ ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಸ್ಲಿಟ್ ಗ್ಲಾಸ್ ಎನ್ನುತ್ತಾರೆ. ಗಾಜಿನ ಮೇಲೆ ಹಾಳೆ ಇಟ್ಟಾಗ ಹಾಳೆ ಸುಮ್ಮನಿರುತ್ತದೆ, ಕೆಳಗೆ ದೀಪ ಓಡುತ್ತದೆ. ಫೀಡರ್‌ನಲ್ಲಿ ಇದು ತಿರುಗುಮುರುಗು: ದೀಪ ಈ ಪಟ್ಟಿಯ ಕೆಳಗೆ ಬಂದು ನಿಂತುಬಿಡುತ್ತದೆ, ಹಾಳೆ ಅದರ ಮೇಲೆ ಓಡುತ್ತದೆ. ದೊಡ್ಡ ಗಾಜಿನ ಮೇಲಿನ ಕಸ ಕಾಪಿಯಲ್ಲಿ ಒಂದು ಚುಕ್ಕೆಯಾಗಿ ಬೀಳುತ್ತದೆ, ಯಾರೂ ಗಮನಿಸುವುದಿಲ್ಲ. ಅದೇ ಕಸ ಪಟ್ಟಿಯ ಮೇಲಿದ್ದರೆ ಸೆನ್ಸರ್ ಹಾಳೆಯ ಮೊದಲಿಂದ ಕೊನೆಯವರೆಗೂ ಅದನ್ನೇ ನೋಡುತ್ತಿರುತ್ತದೆ. ಎ4 ಹಾಳೆಯಾದರೆ 297 ಮಿಲಿಮೀಟರ್ ಉದ್ದದ ಗೆರೆ. ಕಸ ದೊಡ್ಡದಾಗಿರಬೇಕಾಗಿಲ್ಲ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಬಿಂದುಗಳಿದ್ದಾಗ, ಒಂದೊಂದು ಬಿಂದುವಿನ ಅಗಲ 0.042 ಮಿಲಿಮೀಟರ್. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕಲೆ ಎರಡು ಬಿಂದುಗಳನ್ನು ಮುಚ್ಚಲು ಸಾಕು.

ಒರೆಸಿದರೂ ಗೆರೆ ಮರಳುವುದಕ್ಕೆ ಕಾರಣ, ಅದು ದೂಳಲ್ಲ. ಪೂರ್ತಿ ಒಣಗದ ವೈಟ್ನರ್, ಹಳೆಯ ಕಡತಗಳ ಗೋಂದು, ಅಂಟುಚೀಟಿಯ ಜಿಗುಟು, ಹಸಿ ಮೊಹರಿನ ಮಸಿ: ಇವು ಪಟ್ಟಿಗೆ ಅಂಟಿ ಗಟ್ಟಿಯಾಗುತ್ತವೆ. ಒಣಬಟ್ಟೆ ಅವುಗಳ ಮೇಲೆ ಜಾರಿ ಹೋಗುತ್ತದೆ. ಜಿಗುಟು ಪಾರದರ್ಶಕವಾಗಿದ್ದರೆ ನೇರ ನೋಡಿದಾಗ ಗಾಜು ಫಳಫಳ ಹೊಳೆಯುತ್ತದೆ, ಆದರೆ ಹಾಳೆಯ ದೂಳನ್ನು ಅದು ಹಿಡಿಯುತ್ತಲೇ ಇರುತ್ತದೆ. ಅದಕ್ಕೇ ಮೂರನೇ ದಿನ ಗೆರೆ.

ಮಾಡಬೇಕಾದ್ದು ಇಷ್ಟು. ಯಂತ್ರ ಆಫ್ ಮಾಡಿ. ಗೆರೆ ಬಿದ್ದ ಕಾಪಿಯನ್ನು, ಮೂಲಹಾಳೆ ಫೀಡರ್‌ನಿಂದ ಹೇಗೆ ಮುಖ ಕೆಳಗಾಗಿ ಹೊರಬರುತ್ತದೋ ಹಾಗೆಯೇ ಮುಖ ಕೆಳಗೆ ಮಾಡಿ ಪಟ್ಟಿಯ ಪಕ್ಕ ಹಿಡಿಯಿರಿ. ಗೆರೆ ಎಲ್ಲಿಗೆ ನೇರ ಬರುತ್ತದೋ ಕಸ ಅಲ್ಲಿದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಉಗುರಿನಿಂದ ಸವರಿ ನೋಡಿ, ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಆ ಜಾಗದ ಮೇಲೆ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಒರೆಸಿ. ಬಿಡದಿದ್ದರೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಓರೆಯಾಗಿ ಎಬ್ಬಿಸಿ. ಬ್ಲೇಡ್ ಬೇಡವೇ ಬೇಡ. ಬ್ಲೇಡ್ ಎಳೆದ ಗೀರು ಕಾಯಂ ಗೆರೆ. ಪಾತ್ರೆ ತೊಳೆಯುವ ಪುಡಿ, ಸ್ಕ್ರಬ್ಬರ್ ಕೂಡ ಬೇಡ. ಕೆಲವು ಯಂತ್ರಗಳ ಪಟ್ಟಿ ಗಾಜಿಗೆ ದೂಳು ಅಂಟದಂತೆ ತೆಳುವಾದ ಲೇಪ ಇರುತ್ತದೆ. ಅದು ಉಜ್ಜಿ ಹೋದರೆ ದಿನಾ ಒರೆಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಇಂಥ ಗಾಜನ್ನು ಬಿಚ್ಚಿ ಮತ್ತೆ ಹಾಕುವಾಗ ತಲೆಕೆಳಗಾದರೂ ಇದೇ ಗತಿ. ಮೂಲೆಯಲ್ಲಿ ಗುರುತಿನ ಚುಕ್ಕೆ ಇದೆಯೇ ನೋಡಿ, ಬಿಚ್ಚುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ದ್ರವವನ್ನು ಗಾಜಿನ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ. ಅಂಚಿನಿಂದ ಒಳಗಿಳಿದು ಗಾಜಿನ ಕೆಳಮೈಗೆ ಕಲೆ ಕಟ್ಟುತ್ತದೆ, ಅದನ್ನು ತೆಗೆಯಲು ಮೇಲ್ಭಾಗವನ್ನೇ ಬಿಚ್ಚಬೇಕಾಗುತ್ತದೆ.

ಎರಡೂ ಬದಿಯನ್ನು ಒಂದೇ ಓಟದಲ್ಲಿ ಸ್ಕ್ಯಾನ್ ಮಾಡುವ ಯಂತ್ರಗಳಲ್ಲಿ ಫೀಡರ್‌ನ ಒಳಗೇ ಎರಡನೇ ಸೆನ್ಸರ್ ಇದೆ, ಅದಕ್ಕೂ ಒಂದು ಗಾಜು ಇದೆ. ಹಿಂಬದಿಯ ಪುಟಗಳಲ್ಲಿ ಮಾತ್ರ ಗೆರೆ ಬಂದರೆ ಕೆಳಗಿನ ಪಟ್ಟಿಯನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಇನ್ನು ಮುಂದೆ ವೈಟ್ನರ್ ಹಚ್ಚಿದ, ಚೀಟಿ ಅಂಟಿಸಿದ, ಹರಿದ ಹಾಳೆಗಳನ್ನು ಫೀಡರ್‌ಗೆ ಹಾಕದೆ ದೊಡ್ಡ ಗಾಜಿನ ಮೇಲೆ ಇಟ್ಟೇ ತೆಗೆಯಿರಿ.

ಪ್ರಶ್ನೆ: ನಮ್ಮಲ್ಲಿ ಗೆರೆ ಕಪ್ಪಲ್ಲ, ಬಿಳಿ. ಗಾಜಿನ ಮೇಲೆ ಇಟ್ಟರೂ ಬರುತ್ತದೆ, ಫೀಡರ್‌ನಲ್ಲೂ ಬರುತ್ತದೆ. ಫೋಟೊಗಳಲ್ಲಿ ಎದ್ದು ಕಾಣುತ್ತದೆ, ಬರಹದಲ್ಲಿ ಅಷ್ಟಾಗಿ ಕಾಣುವುದಿಲ್ಲ.
— ಶಾಲಾ ಕಚೇರಿ, ಗದಗ

ಉತ್ತರ: ಕಂಪ್ಯೂಟರ್ ಪ್ರಿಂಟ್‌ನಲ್ಲಿ ಈ ಗೆರೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಿ. ಪ್ರಿಂಟ್ ಸ್ವಚ್ಛವಾಗಿದ್ದರೆ ಕಲೆ ಇರುವುದು ಬಿಳಿ ಪಟ್ಟಿಯ ಮೇಲೆ. ಗಾಜಿನ ಅಂಚಿನ ಕೆಳಮೈಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ ಒಂದು ಬಿಳಿ ಪಟ್ಟಿ ಅಂಟಿಸಿರುತ್ತಾರೆ. ಸ್ಕ್ಯಾನರ್ ಪ್ರತಿಸಲ ಅದನ್ನು ನೋಡಿ ‘ಬಿಳಿ ಎಂದರೆ ಇಷ್ಟು’ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಪಟ್ಟಿಯ ಒಂದು ಕಡೆ ಕಸ ಕೂತರೆ ಅಲ್ಲಿ ಬೆಳಕು ಕಡಿಮೆ ಎಂದು ತಿಳಿದು ಆ ಬಿಂದುವನ್ನು ಹೆಚ್ಚು ಬೆಳಗಿಸುತ್ತದೆ. ಖಾಲಿ ಬಿಳಿ ಜಾಗದಲ್ಲಿ ಇದು ಕಾಣದು, ಬೂದುಬಣ್ಣದ ಮೇಲೆ ತಿಳಿಗೆರೆಯಾಗಿ ಕಾಣುತ್ತದೆ. ಗಾಜಿನ ಚೌಕಟ್ಟನ್ನು ಬಿಚ್ಚಿ ಆ ಪಟ್ಟಿಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಬೇಕು. ಹಳದಿಗಟ್ಟಿದ್ದರೆ ಗಾಜಿನ ಸಮೇತ ಬದಲಿಸಬೇಕು. ಅದರ ಮೇಲೆ ಬಿಳಿ ಕಾಗದ ಅಂಟಿಸಿ ಕೊಡುವವರಿದ್ದಾರೆ. ಒಪ್ಪಬೇಡಿ, ಎಲ್ಲ ಸ್ಕ್ಯಾನಿನ ಬಣ್ಣವೂ ಕೆಡುತ್ತದೆ.

ಪ್ರಶ್ನೆ: ಯಂತ್ರ ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಸ್ಕ್ಯಾನರ್ ಎರರ್ ಬಂದು ನಿಲ್ಲುತ್ತದೆ. ಕೆಲವೊಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಹತ್ತಿಪ್ಪತ್ತು ಕಾಪಿಯ ನಂತರ ಮತ್ತೆ ಬರುತ್ತದೆ. ರಿಬ್ಬನ್ ಕೇಬಲ್ ಬದಲಿಸಿದರು, ನಾಲ್ಕು ತಿಂಗಳು ನಡೆಯಿತು. ಇನ್ನೊಮ್ಮೆ ಬದಲಿಸಿದರು, ಎರಡೇ ತಿಂಗಳು. ಈಗ ‘ಬೋರ್ಡ್ ಹೋಗಿದೆ’ ಎನ್ನುತ್ತಾರೆ. ಬೋರ್ಡಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಯಂತ್ರವೇ ಬರುತ್ತದೆ. ಏನು ಮಾಡಲಿ?
— ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ದಾವಣಗೆರೆ

ಉತ್ತರ: ಬೋರ್ಡ್ ಬೇಡ, ಸದ್ಯಕ್ಕಂತೂ ಬೇಡ. ಆಫ್ ಮಾಡಿ ಆನ್ ಮಾಡಿದರೆ ಹತ್ತಿಪ್ಪತ್ತು ಕಾಪಿ ಬರುತ್ತದೆ ಎಂದರೆ ಬೋರ್ಡ್ ಕೆಲಸ ಮಾಡುತ್ತಿದೆ ಎಂದೇ ಹೆಚ್ಚುಕಡಿಮೆ ಅರ್ಥ. ಓಡಾಡುವ ಭಾಗದಲ್ಲಿ ಎಲ್ಲೋ ಸಂಪರ್ಕ ಬಿಟ್ಟು ಹಿಡಿಯುತ್ತಿದೆ.

ಎರರ್‌ನ ಹೆಸರು ಒಂದೊಂದು ಕಂಪನಿಗೆ ಒಂದೊಂದು. ಕ್ಯಾನನ್‌ನ ಇ202, ರಿಕೋದ ಎಸ್‌ಸಿ120 ಮತ್ತು ಎಸ್‌ಸಿ121, ಕ್ಯೋಸೆರಾದ ಸಿ3100 ಇವೆಲ್ಲ ಹೇಳುವುದು ಒಂದೇ ಮಾತು: ದೀಪ ಹೊತ್ತ ಕ್ಯಾರೇಜ್ ತನ್ನ ಮನೆಗೆ, ಅಂದರೆ ಹೋಮ್ ಪೊಸಿಷನ್‌ಗೆ ಬಂದದ್ದು ಅಥವಾ ಅಲ್ಲಿಂದ ಹೊರಟದ್ದು ಗೊತ್ತಾಗಲಿಲ್ಲ. ಕ್ಯಾನನ್‌ನ ಇ225, ರಿಕೋದ ಎಸ್‌ಸಿ101, ಕ್ಯೋಸೆರಾದ ಸಿ3200 ಬೆಳಕಿಗೆ ಸಂಬಂಧಿಸಿದವು. ಕೋಡ್ ಬರೆದಿಟ್ಟುಕೊಳ್ಳಿ, ಆದರೆ ಅದಕ್ಕಿಂತ ಹೆಚ್ಚು ಹೇಳುವುದು ಆನ್ ಮಾಡಿದ ಮೊದಲ ಹತ್ತು ಸೆಕೆಂಡ್. ಮುಚ್ಚಳ ಎತ್ತಿ ಗಾಜಿನೊಳಗೆ ನೋಡುತ್ತ, ಕಿವಿಗೊಟ್ಟು ನಿಲ್ಲಿ.

ದೀಪವೂ ಹತ್ತಲಿಲ್ಲ, ಕ್ಯಾರೇಜೂ ಅಲುಗಲಿಲ್ಲ ಎಂದರೆ ಕೇಬಲ್ ಅಥವಾ ಕನೆಕ್ಟರ್ ಕೆಟ್ಟಿದೆ, ಇಲ್ಲವೇ ಸ್ಕ್ಯಾನರ್ ಮೋಟರಿಗೆ 24 ವೋಲ್ಟ್ ಬರುತ್ತಿಲ್ಲ. ಕ್ಯಾರೇಜ್ ಓಡಿ ಪಕ್ಕದ ಗೋಡೆಗೆ ಗುದ್ದಿ ಟರಟರ ಸದ್ದು ಮಾಡಿತು ಎಂದರೆ ಹೋಮ್ ಸೆನ್ಸರ್ ಕುರುಡಾಗಿದೆ. ಸಲೀಸಾಗಿ ಓಡಿತು, ದೀಪವೂ ಹತ್ತಿತು, ಆಮೇಲೆ ಎರರ್ ಬಂತು ಎಂದರೆ ಬಿಳಿ ಪಟ್ಟಿಯಿಂದ ಬಂದ ಬೆಳಕು ಸಾಲದು: ಮಬ್ಬಾದ ದೀಪ, ದೂಳು ಹಿಡಿದ ಕನ್ನಡಿ ಅಥವಾ ಕೊಳೆಯಾದ ಪಟ್ಟಿ.

ಹೋಮ್ ಸೆನ್ಸರ್ ಅನ್ನುವುದು ಇಂಗ್ಲಿಷ್ ‘ಯು’ ಆಕಾರದ ಚಿಕ್ಕ ಕಪ್ಪು ತುಣುಕು. ಒಂದು ಕಾಲಿನಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತದೆ. ಕ್ಯಾರೇಜಿನ ನಾಲಿಗೆ ನಡುವೆ ತೂರಿದಾಗ ಬೆಳಕು ಕಟ್ಟಾಗಿ ‘ಮನೆ ಬಂತು’ ಎಂದು ತಿಳಿಯುತ್ತದೆ. ಆ ಸಂದಿಯಲ್ಲಿ ಜೇಡ ಬಲೆ ಕಟ್ಟಿದರೂ, ಇರುವೆ ಮೊಟ್ಟೆಯಿಟ್ಟರೂ ಎರರ್ ಬರುತ್ತದೆ. ಟೀ ಲೋಟ ಇಡಲು ಯಂತ್ರದ ತಲೆಯೇ ಪ್ರಶಸ್ತ ಸ್ಥಳ ಎಂದುಕೊಂಡಿರುವ ಕಚೇರಿಗಳಲ್ಲಿ ಇರುವೆ ಅಪರೂಪವಲ್ಲ. ಒಣ ಬ್ರಷ್‌ನಿಂದ ಸಂದಿ ಗುಡಿಸಿದರೆ ಸಾಕು. ಅನೇಕ ಚಿಕ್ಕ ಯಂತ್ರಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ. ಚೌಕಟ್ಟಿನ ಕೆಳಗೆ ಅಂಟಿಸಿರುವ ಕಪ್ಪು-ಬಿಳುಪು ಗುರುತನ್ನು ಸ್ಕ್ಯಾನಿಂಗ್ ಸೆನ್ಸರೇ ನೋಡಿ ಮನೆಯನ್ನು ಪತ್ತೆಹಚ್ಚುತ್ತದೆ. ಅಲ್ಲಿ ಗಾಜಿನ ಕೆಳಮೈ ಮಬ್ಬಾಗಿದ್ದರೆ, ಗುರುತಿನ ಚೀಟಿ ಮೇಲೆದ್ದಿದ್ದರೆ ಯಾವ ಭಾಗ ಬದಲಿಸಿದರೂ ಎರರ್ ಹೋಗದು.

ಈಗ ನಿಮ್ಮ ಕೇಬಲಿಗೆ ಬರೋಣ. ಎರಡು ಸಲ ಬದಲಿಸಿದಾಗಲೂ ಕೆಲವು ತಿಂಗಳು ನಡೆಯಿತು ಎಂದರೆ ರೋಗ ಗುರುತಿಸಿದ್ದು ಸರಿ, ಹಾಕಿದ ರೀತಿ ತಪ್ಪು. ಈ ಚಪ್ಪಟೆ ಕೇಬಲಿನ ಒಂದು ತುದಿ ನಿಂತಿರುತ್ತದೆ, ಇನ್ನೊಂದು ತುದಿ ಕ್ಯಾರೇಜಿನ ಜೊತೆ ಓಡುತ್ತದೆ. ನಡುವೆ ದೊಡ್ಡ ಸುತ್ತಿನ ಮಡಿಕೆಯೊಂದು ಉರುಳಿಕೊಂಡು ಹೋಗುತ್ತದೆ. ಕಾರ್ಖಾನೆಯಲ್ಲಿ ಕೇಬಲಿನ ಒಂದಷ್ಟು ಭಾಗವನ್ನು ಡಬಲ್ ಸೈಡ್ ಟೇಪಿನಿಂದ ತಳಕ್ಕೆ ಅಂಟಿಸಿರುತ್ತಾರೆ, ಆ ಮಡಿಕೆ ಎಲ್ಲಿ ಶುರುವಾಗಬೇಕು ಎಂದು ತೀರ್ಮಾನಿಸುವುದು ಆ ಟೇಪು. ವರ್ಷಗಟ್ಟಲೆ ಬಿಸಿಗೆ ಅಂಟು ಒಣಗಿ ಟೇಪು ಬಿಡುತ್ತದೆ. ಕೇಬಲ್ ಮೇಲೆದ್ದು ಗಾಜಿಗೆ ಉಜ್ಜುತ್ತದೆ, ಅಥವಾ ಕನೆಕ್ಟರಿನ ಬುಡದಲ್ಲೇ ಚೂಪಾಗಿ ಮಡಿಯುತ್ತದೆ. ಒಳಗಿನ ತಾಮ್ರದ ಎಳೆ ಕಾಗದದಷ್ಟು ತೆಳು; ಒಂದೇ ಜಾಗದಲ್ಲಿ ಮಡಿದು ಮಡಿದು ಬಿರುಕು ಬಿಡುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಗೇ ಇರುವುದರಿಂದ ಕಣ್ಣಿಗೆ ಏನೂ ಕಾಣದು. ಕ್ಯಾರೇಜ್ ಒಂದು ಕಡೆ ಇದ್ದಾಗ ಬಿರುಕು ಕೂಡುತ್ತದೆ, ಇನ್ನೊಂದು ಕಡೆ ಹೋದಾಗ ಬಿಡುತ್ತದೆ. ಆನ್-ಆಫ್ ಮಾಡಿದರೆ ‘ಸರಿಹೋಗುವ’ ಗುಟ್ಟು ಇದೇ. ಹೊಸ ಕೇಬಲ್ ತೂರಿಸಿ, ಟೇಪು ಹಾಕದೆ ಮುಚ್ಚಿದರೆ ಹಳೆಯದು ಸತ್ತ ಜಾಗದಲ್ಲೇ ಹೊಸದೂ ಸಾಯುತ್ತದೆ.

ಬದಲಿಸುವ ಕ್ರಮ ಹೀಗಿರಲಿ. ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಗಾಜಿನ ಚೌಕಟ್ಟು ತೆಗೆದ ತಕ್ಷಣ, ಏನನ್ನೂ ಮುಟ್ಟುವ ಮೊದಲು, ಕೇಬಲ್ ಹಾದುಹೋದ ದಾರಿಯ ಫೋಟೊ ತೆಗೆಯಿರಿ. ಹಳೆಯ ಟೇಪಿನ ಗುರುತುಗಳ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಕೇಬಲ್ ಸುತ್ತ ವಿದ್ಯುತ್ ಅಡಚಣೆ ತಡೆಯುವ ಕಪ್ಪು ಫೆರೈಟ್ ತುಂಡು ಇದ್ದರೆ ಅದನ್ನು ಹೊಸದಕ್ಕೂ ಹಾಕಬೇಕು; ‘ಏನಕ್ಕೂ ಬೇಡ’ ಎಂದು ಡ್ರಾಯರ್‌ಗೆ ಎಸೆಯಬೇಡಿ. ಕನೆಕ್ಟರಿನಲ್ಲಿ ಚಿಕ್ಕ ಕೀಲಕ ಇದ್ದರೆ ಅದನ್ನು ಎತ್ತಿ ಕೇಬಲ್ ಬಿಡಿಸಿ, ಎಳೆದು ಕೀಳಬೇಡಿ.

ತೆಗೆದ ಕೇಬಲನ್ನು ಪರೀಕ್ಷಿಸದೆ ಬಿಸಾಡಬಾರದು. ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಒಂದೊಂದೇ ಎಳೆಯ ಎರಡು ತುದಿಗೂ ಮುಟ್ಟಿಸಿ, ಅಳೆಯುತ್ತಲೇ ಮಡಿಕೆಯ ಜಾಗವನ್ನು ಮೆಲ್ಲಗೆ ಬಾಗಿಸಿ. ಬೀಪ್ ಕಡಿದು ಕಡಿದು ಬಂದರೆ ಕಳ್ಳ ಸಿಕ್ಕಿದ. ಎಲ್ಲ ಎಳೆಯೂ ಬಾಗಿಸಿದರೂ ಗಟ್ಟಿ ಎಂದರೆ ಮಾತ್ರ ಕನೆಕ್ಟರ್, ಮೋಟರ್, ಕೊನೆಗೆ ಬೋರ್ಡ್.

ಹೊಸ ಕೇಬಲ್ ಕೊಳ್ಳುವಾಗ ‘ಆ ಮಾಡೆಲಿನದು ಕೊಡಿ’ ಎಂದರೆ ಸಾಲದು. ನಾಲ್ಕು ವಿಷಯ ನೋಡಿ: ಎಳೆಗಳ ಸಂಖ್ಯೆ, ಎಳೆಯಿಂದ ಎಳೆಗೆ ಅಂತರ, ಒಟ್ಟು ಉದ್ದ, ಮತ್ತು ಎರಡು ತುದಿಗಳ ಬೆಳ್ಳಿಬಣ್ಣದ ಭಾಗ ಒಂದೇ ಮಗ್ಗುಲಿಗಿದೆಯೋ ಎದುರುಬದುರು ಮಗ್ಗುಲಿಗಿದೆಯೋ. ಕೊನೆಯದು ತಪ್ಪಿದರೆ ಕೇಬಲ್ ಕೂರುತ್ತದೆ, ಸಂಪರ್ಕ ಆಗುವುದಿಲ್ಲ. ಅದನ್ನು ಸರಿಮಾಡಲು ತಿರುಚಿದರೆ ತಿರುಚಿದಲ್ಲೇ ಮುರಿಯುತ್ತದೆ. ಅಂತರ ತಿಳಿಯಲು ಸುಲಭದ ಲೆಕ್ಕವಿದೆ: ಕೇಬಲಿನ ಅಗಲವನ್ನು, ಎಳೆಗಳ ಸಂಖ್ಯೆಗೆ ಒಂದು ಕೂಡಿಸಿ ಬಂದದ್ದರಿಂದ ಭಾಗಿಸಿ. 12 ಎಳೆ, 13 ಮಿಲಿಮೀಟರ್ ಅಗಲ ಎಂದರೆ ಅಂತರ 1 ಮಿಲಿಮೀಟರ್. 26 ಎಳೆ, ಹದಿಮೂರೂವರೆ ಮಿಲಿಮೀಟರ್ ಎಂದರೆ 0.5. ಉದ್ದ ಹತ್ತಿಪ್ಪತ್ತು ಮಿಲಿಮೀಟರ್ ಕಡಿಮೆಯಾದರೂ ಕ್ಯಾರೇಜ್ ಕೊನೆ ಮುಟ್ಟುವಾಗ ಎಳೆತ ಬೀಳುತ್ತದೆ. ಹೆಚ್ಚಾದರೆ ಸುತ್ತು ಎದ್ದು ಗಾಜಿಗೆ ತಾಗುತ್ತದೆ.

ಹೊಸದನ್ನು ಕೂರಿಸುವಾಗ ತುದಿಯ ನೀಲಿ ಪಟ್ಟಿ ಕನೆಕ್ಟರಿನ ಅಂಚಿಗೆ ಸಮಾನಾಂತರ ಇರಬೇಕು, ಓರೆ ಇದ್ದರೆ ತೆಗೆದು ಮತ್ತೆ ಹಾಕಿ. ಕೀಲಕ ಎರಡೂ ಕಡೆ ಕೂತಿದೆಯೇ ನೋಡಿ. ಹಳೆಯ ಅಂಟನ್ನು ಆಲ್ಕೋಹಾಲ್‌ನಿಂದ ಪೂರ್ತಿ ತೆಗೆದು, ಗುರುತು ಮಾಡಿದ ಜಾಗದಲ್ಲೇ ತೆಳುವಾದ ಹೊಸ ಡಬಲ್ ಸೈಡ್ ಟೇಪು ಹಾಕಿ. ಫೋಮ್ ಇರುವ ದಪ್ಪ ಟೇಪು ಬೇಡ, ಕೇಬಲನ್ನು ಮೇಲೆತ್ತುತ್ತದೆ. ಗಾಜು ಹಾಕುವ ಮೊದಲು ಕ್ಯಾರೇಜನ್ನು ಬೆಲ್ಟ್ ಹಿಡಿದು ಕೈಯಿಂದ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಒಯ್ದು, ಸುತ್ತು ಉರುಳುವುದನ್ನು ಕಣ್ಣಾರೆ ನೋಡಿ.

ಹಾಗೆಯೇ ಹಳಿಯನ್ನೂ ನೋಡಿ. ಗ್ರೀಸ್ ದೂಳು ಸೇರಿ ಮೇಣದಂತಾಗಿದ್ದರೆ ಒಣಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ಕಿಗೆ ಆಗುವ ಗ್ರೀಸನ್ನು ಬೆರಳತುದಿಯಷ್ಟು ಸವರಿ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಎರಡೂ ಬೇಡ. ಸ್ಪ್ರೇ ಹನಿ ಕನ್ನಡಿಗೆ ಹಾರಿದರೆ ಇನ್ನೊಂದು ಕಥೆ ಶುರು. ಕನ್ನಡಿ ಇರುವ ಯಂತ್ರಗಳಲ್ಲಿ ಅದರ ಲೇಪ ಗಾಜಿನ ಮುಂಭಾಗದಲ್ಲೇ ಇರುತ್ತದೆ, ನಮ್ಮ ಮನೆಯ ಕನ್ನಡಿಯಂತೆ ಹಿಂದೆ ಅಲ್ಲ. ಬಟ್ಟೆ ಉಜ್ಜಿದರೆ ಗೀಚಿಹೋಗುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್‌ನಿಂದ ಊದಿದರೆ ಸಾಕು.

ಕೊನೆಗೆ ಪರೀಕ್ಷೆ. ರಿಪೇರಿ ಮಾಡಿದವರು ಫೀಡರ್‌ಗೆ ನೂರು ಹಾಳೆ ಹಾಕಿ ‘ನೋಡಿ, ಒಂದೂ ಎರರ್ ಇಲ್ಲ’ ಎಂದರೆ ನಂಬಬೇಡಿ. ಫೀಡರ್‌ನಲ್ಲಿ ಕ್ಯಾರೇಜ್ ನಿಂತಲ್ಲೇ ನಿಂತಿರುತ್ತದೆ, ಕೇಬಲ್ ಬಾಗುವುದೇ ಇಲ್ಲ. ಗಾಜಿನ ಮೇಲೆ ಹಾಳೆ ಇಟ್ಟು, ಯಂತ್ರ ಎ3 ಅಳತೆಯದಾದರೆ ಎ3ಯನ್ನೇ ಆರಿಸಿ, ಕ್ಯಾರೇಜ್ ಕೊನೆಯವರೆಗೂ ಓಡುವಂತೆ ಮೂವತ್ತು ನಲವತ್ತು ಸ್ಕ್ಯಾನ್ ಮಾಡಿಸಿ, ಆಮೇಲೆ ಬಿಲ್ ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಮಾತ್ರ ಬೆಳಗಿನ ಮೊದಲ ಸ್ಕ್ಯಾನ್‌ಗಳು ಮಂಜು ಕವಿದಂತೆ ಬರುತ್ತವೆ, ಕೆಲವು ದಿನ ಎರರೂ ಬರುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಮೆಕ್ಯಾನಿಕ್ ಮಧ್ಯಾಹ್ನ ಬರುತ್ತಾರೆ, ತೊಂದರೆಯೇ ಇಲ್ಲ ಎಂದು ಹೋಗುತ್ತಾರೆ.
— ಸಹಕಾರ ಸಂಘದ ಕಾರ್ಯದರ್ಶಿ, ಮಡಿಕೇರಿ

ಉತ್ತರ: ನಿಮ್ಮ ಊರಿನ ಥಂಡಿಯೇ ಕಾರಣ. ರಾತ್ರಿ ತಣ್ಣಗಾದ ಕನ್ನಡಿ, ಲೆನ್ಸ್, ಗಾಜಿನ ಮೇಲೆ ಬೆಳಿಗ್ಗೆ ಒಳಬಂದ ಬೆಚ್ಚನೆಯ ತೇವದ ಗಾಳಿ ಹನಿಗಟ್ಟುತ್ತದೆ, ಕನ್ನಡಕ ಹಾಕಿಕೊಂಡು ಬಿಸಿ ಕಾಫಿ ಬಗ್ಗಿ ಕುಡಿದಂತೆ. ಯಂತ್ರ ಬಿಸಿಯಾದ ಮೇಲೆ ಆರುತ್ತದೆ.

ರಾತ್ರಿ ಪ್ಲಗ್ ಕಿತ್ತಿಡುತ್ತೀರಾ ನೋಡಿ. ಕೆಲವು ದೊಡ್ಡ ಯಂತ್ರಗಳ ಸ್ಕ್ಯಾನರ್ ಭಾಗದಲ್ಲಿ ತೇವ ಕಟ್ಟದಂತೆ ಚಿಕ್ಕ ಹೀಟರ್ ಇರುತ್ತದೆ ಅಥವಾ ಬೇರೆಯಾಗಿ ಹಾಕಿಸಬಹುದು. ಅದು ಕೆಲಸ ಮಾಡುವುದೇ ಯಂತ್ರ ಆಫ್ ಇದ್ದಾಗ, ಪ್ಲಗ್‌ಗೆ ಕರೆಂಟ್ ಇದ್ದರೆ ಮಾತ್ರ. ಸಿಡಿಲಿನ ಭಯಕ್ಕೆ ಗೋಡೆಯ ಸ್ವಿಚ್ ಆರಿಸಿದರೆ ಹೀಟರೂ ಆರುತ್ತದೆ. ಮಲೆನಾಡಿನ ಗುಡುಗಿನಲ್ಲಿ ಪ್ಲಗ್ ಹಾಕಿಯೇ ಇಡಿ ಎಂದು ನಾವೂ ಹೇಳಲಾರೆವು. ಸರ್ಜ್ ತಡೆಯುವ ಸಾಧನ ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿಕೊಂಡು, ಗುಡುಗು ಇಲ್ಲದ ಆಟಿ ತಿಂಗಳ ಜಡಿಮಳೆಯ ದಿನಗಳಲ್ಲಿ ಪ್ಲಗ್ ಇರಲಿ. ಹೀಟರ್ ಇಲ್ಲದ ಯಂತ್ರವಾದರೆ ಕಿಟಕಿಯ ಪಕ್ಕದಿಂದ ಸರಿಸಿ, ಕಚೇರಿ ತೆರೆದ ಕೂಡಲೇ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಕೆಲಸ ಶುರುಮಾಡಿ. ಮಸುಕು ಬಂದಾಗ ಗಾಜು ಬಿಚ್ಚಿ ಕನ್ನಡಿ ಒರೆಸಲು ಹೋಗಬೇಡಿ. ಮೆಕ್ಯಾನಿಕ್‌ಗೆ ಬೆಳಗಿನ ಸ್ಕ್ಯಾನನ್ನು ಸಮಯದ ಸಮೇತ ಕಳಿಸಿ. ಕರಾವಳಿಯ ಎಸಿ ಕೋಣೆಗಳಲ್ಲೂ ಇದೇ ತೊಂದರೆ: ತಣ್ಣಗಿನ ಯಂತ್ರಕ್ಕೆ ತೆರೆದ ಬಾಗಿಲಿನ ಹೊರಗಾಳಿ ತಾಗಬಾರದು.

ಪ್ರಶ್ನೆ: ಸ್ಕ್ಯಾನ್ ಆಗುತ್ತದೆ, ಆದರೆ ಕಂಪ್ಯೂಟರಿನ ಫೋಲ್ಡರ್‌ಗೆ ಹೋಗುವುದಿಲ್ಲ. ಸರಿಮಾಡಿಸಿದರೆ ಒಂದು ವಾರ ಸರಿ, ಕರೆಂಟ್ ಹೋಗಿ ಬಂದರೆ ಮತ್ತೆ ಕೆಡುತ್ತದೆ. ಹೊಸ ಕಂಪ್ಯೂಟರಿಗಂತೂ ಒಮ್ಮೆಯೂ ಹೋಗಿಲ್ಲ.
— ಲೆಕ್ಕಪರಿಶೋಧಕರ ಕಚೇರಿ, ಹುಬ್ಬಳ್ಳಿ

ಉತ್ತರ: ಇವು ಎರಡು ಬೇರೆ ತೊಂದರೆಗಳು. ಕರೆಂಟ್ ಹೋಗಿ ಬಂದಾಗ ರೂಟರ್ ಕಂಪ್ಯೂಟರಿಗೆ ಹೊಸ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡುತ್ತದೆ, ಯಂತ್ರದ ಅಡ್ರೆಸ್ ಬುಕ್ಕಿನಲ್ಲಿ ಹಳೆಯದೇ ಉಳಿದಿರುತ್ತದೆ. ಬಂದವರು ವಿಳಾಸ ತಿದ್ದಿ ಹೋಗುತ್ತಾರೆ, ಮುಂದಿನ ಸಲ ಮತ್ತೆ ಬದಲಾಗುತ್ತದೆ. ರೂಟರಿನಲ್ಲೇ ಆ ಕಂಪ್ಯೂಟರಿಗೂ ಯಂತ್ರಕ್ಕೂ ವಿಳಾಸ ಕಾಯ್ದಿರಿಸಿ. ಯಂತ್ರದ ಗಡಿಯಾರವನ್ನೂ ನೋಡಿ. ತಾರೀಖು ಹಿಂದೆಲ್ಲೋ ನಿಂತಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ತಿರಸ್ಕಾರವಾಗಬಹುದು.

ಹೊಸ ಕಂಪ್ಯೂಟರಿನ ವಿಷಯ ಬೇರೆ. ಫೋಲ್ಡರ್‌ಗೆ ಕಳಿಸಲು ಹಳೆಯ ಯಂತ್ರಗಳು ಎಸ್‌ಎಂಬಿ1 ಎಂಬ ಹಳೆಯ ವಿಧಾನ ಬಳಸುತ್ತವೆ. 2017ರ ಅಕ್ಟೋಬರ್‌ನ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಮೊದಲಿಂದಲೇ ಆನ್ ಇರುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನೂ ಮುಚ್ಚಿ, ಎಸ್‌ಎಂಬಿ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಕಡ್ಡಾಯ ಮಾಡಿದ್ದಾರೆ. ಎಸ್‌ಎಂಬಿ1 ಮತ್ತೆ ಆನ್ ಮಾಡಿಕೊಡುವವರಿಗೆ ಬೇಡ ಎನ್ನಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಅದರ ದೋಷದಿಂದಲೇ, ಗ್ರಾಹಕರ ತೆರಿಗೆ ಕಾಗದ ಇಟ್ಟುಕೊಂಡ ಕಚೇರಿಗೆ ಆ ಅಪಾಯ ಯಾಕೆ? ಮೊದಲು ಯಂತ್ರದ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಹೊಸದು ಮಾಡಿಸಿ, ಸೆಟ್ಟಿಂಗಿನಲ್ಲಿ ಎಸ್‌ಎಂಬಿ2 ಅಥವಾ 3 ಇದೆಯೇ ನೋಡಿ. ಕಂಪ್ಯೂಟರಿನಲ್ಲಿ ಸ್ಕ್ಯಾನ್‌ಗೆಂದೇ ಒಂದು ಬಳಕೆದಾರ ಖಾತೆ ತೆರೆದು, ಅವಧಿ ಮುಗಿಯದ ಪಾಸ್‌ವರ್ಡ್ ಕೊಟ್ಟು, ಆ ಒಂದು ಫೋಲ್ಡರ್‌ಗೆ ಮಾತ್ರ ಬರೆಯುವ ಅನುಮತಿ ಕೊಡಿ. ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಲಿ. ಯಂತ್ರ ಎಸ್‌ಎಂಬಿ1 ಬಿಟ್ಟು ಬೇರೆ ಅರಿಯದಿದ್ದರೆ ಪೆನ್‌ಡ್ರೈವ್ ಅಥವಾ ಇಮೇಲ್ ದಾರಿ ಹಿಡಿಯಿರಿ. ಜಿಮೇಲ್ ಬಳಸುವುದಾದರೆ, ಮಾಮೂಲಿ ಪಾಸ್‌ವರ್ಡ್ 2022ರ ಮೇ 30ರಿಂದ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡನ್ನು ಯಂತ್ರದಲ್ಲಿ ಹಾಕಬೇಕು, ಪೋರ್ಟ್ 587.

ಪ್ರಶ್ನೆ: ಸ್ಕ್ಯಾನ್ ಮಾಡಿದ ದಾಖಲೆಯಲ್ಲಿ ಅಂಕಿಗಳೇ ಬದಲಾಗುತ್ತವೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮಸುಕಾಗುವುದು ಗೊತ್ತು, ಬದಲಾಗುವುದು ಸಾಧ್ಯವೇ?
— ಸರ್ವೆ ಕಚೇರಿ ಸಿಬ್ಬಂದಿ, ತುಮಕೂರು

ಉತ್ತರ: ಸಾಧ್ಯ, ನಡೆದಿದೆ. 2013ರ ಆಗಸ್ಟ್‌ನಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಇದನ್ನು ಬಹಿರಂಗಪಡಿಸಿದರು. ಕಟ್ಟಡದ ನಕ್ಷೆಯೊಂದರಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್ ಎಂದಿತ್ತು. ಸ್ಕ್ಯಾನ್ ಆಗಿ ಬಂದಾಗ ಮೂರೂ 14.13. ಯಂತ್ರ ಯಾವುದು ಗೊತ್ತೇ? ಕಾಪಿಗೇ ನಾವು ಯಾವ ಹೆಸರಿಟ್ಟಿದ್ದೇವೋ ಆ ಜೆರಾಕ್ಸ್ ಕಂಪನಿಯದು, ವರ್ಕ್‌ಸೆಂಟರ್ ಮಾದರಿ. ಆಮೇಲೆ ಕಂಪನಿ ತಿದ್ದುಪಡಿ ಸಾಫ್ಟ್‌ವೇರ್ ಬಿಡುಗಡೆ ಮಾಡಿತು.

ಕಾರಣ ಜೆಬಿಐಜಿ2 ಎಂಬ ಕುಗ್ಗಿಸುವ ವಿಧಾನ. ಫೈಲ್ ಚಿಕ್ಕದಾಗಲೆಂದು ಅದು ಪುಟದಲ್ಲಿ ಒಂದೇ ಥರ ಕಾಣುವ ಆಕಾರಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು, ಉಳಿದ ಕಡೆ ಅದನ್ನೇ ಅಚ್ಚೊತ್ತುತ್ತದೆ. ಅಕ್ಷರ ಚಿಕ್ಕದಿದ್ದು ರೆಸೊಲ್ಯೂಷನ್ ಕಡಿಮೆಯಿದ್ದರೆ 6 ಮತ್ತು 8 ಒಂದೇ ಎಂದು ತಿಳಿಯುತ್ತದೆ. ಅಂಕಿ ಮಸುಕಾಗಿ ಬಂದಿದ್ದರೆ ಮೂಲ ನೋಡುತ್ತಿದ್ದೆವು. ಇದು ಸ್ವಚ್ಛವಾಗಿಯೇ ತಪ್ಪಾಗಿರುತ್ತದೆ. ಪ, ಫ, ಷಗಳಂತೆ ಒಂದು ಗೆರೆ, ಒಂದು ಸೀಳಿನಲ್ಲಿ ವ್ಯತ್ಯಾಸ ಇರುವ ಲಿಪಿ ನಮ್ಮದು, ನಾವು ಇನ್ನಷ್ಟು ಎಚ್ಚರ ವಹಿಸಬೇಕು.

ಸರ್ವೆ ದಾಖಲೆಗಳಿಗೆ 300 ಡಿಪಿಐಗಿಂತ ಕೆಳಗೆ ಇಳಿಯಬೇಡಿ. ಕಂಪ್ರೆಷನ್ ಆಯ್ಕೆ ಇದ್ದರೆ ಕಪ್ಪು-ಬಿಳುಪಿಗೆ ಜಿ4 ಎಂಬ ವಿಧಾನ ಇಡಿ, ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. ‘ಚಿಕ್ಕ ಫೈಲ್’, ‘ಹೈ ಕಂಪ್ರೆಷನ್’ ಎಂಬ ಆಯ್ಕೆಗಳನ್ನು ಆಫ್ ಮಾಡಿ. ಪರೀಕ್ಷೆಗೆ, 6, 8, 3, 0 ಮಾತ್ರ ಬೆರೆಸಿ ಏಳು ಪಾಯಿಂಟ್ ಅಳತೆಯಲ್ಲಿ ಒಂದು ಪುಟ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಸಾಲುಸಾಲಾಗಿ ಇಬ್ಬರು ಕೂತು ಓದಿ.

ಪ್ರಶ್ನೆ: ಫೀಡರ್‌ನಲ್ಲಿ ಸ್ಕ್ಯಾನ್ ಮಾಡಿದರೆ ನಕ್ಷೆ ಉದ್ದಕ್ಕೆ ಜಗ್ಗಿದಂತೆ ಬರುತ್ತದೆ.
— ಸಿವಿಲ್ ಗುತ್ತಿಗೆದಾರರು, ವಿಜಯಪುರ

ಉತ್ತರ: ಹಾಳೆಯ ಮೇಲೆ ಸರಿಯಾಗಿ 200 ಮಿಲಿಮೀಟರ್ ಗೆರೆ ಎಳೆದು ಫೀಡರ್‌ನಲ್ಲಿ ಐದು ಸಲ ಕಾಪಿ ತೆಗೆದು ಅಳೆಯಿರಿ. ಐದರಲ್ಲೂ 202 ಬಂದರೆ ಒಂದು ಶೇಕಡಾ ಹೆಚ್ಚು, ಮೆಕ್ಯಾನಿಕ್‌ಗಳು ಬಳಸುವ ಸರ್ವಿಸ್ ಮೋಡ್‌ನಲ್ಲಿ ಫೀಡರ್ ಅಳತೆ ತಿದ್ದಿದರಾಯಿತು. ಒಮ್ಮೆ 201, ಒಮ್ಮೆ 204 ಎಂದು ಕುಣಿದರೆ ರೋಲರ್ ಜಾರುತ್ತಿದೆ. ಒದ್ದೆಮಾಡಿ ಹಿಂಡಿದ ಬಟ್ಟೆಯಿಂದ ರೋಲರನ್ನು ತಿರುಗಿಸುತ್ತ ಒರೆಸಿ. ಒರೆಸಿದ ಮೇಲೂ ರಬ್ಬರ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸವೆದಿದೆ. ರೋಲರ್ ಜೊತೆಗೆ ಹಾಳೆ ಬೇರ್ಪಡಿಸುವ ಪ್ಯಾಡನ್ನೂ ಬದಲಿಸಿ, ಒಂದನ್ನೇ ಬದಲಿಸಿದರೆ ಎರಡೆರಡು ಹಾಳೆ ಒಟ್ಟಿಗೆ ಹೋಗಲು ಶುರುವಾಗುತ್ತದೆ. ಅಳತೆ ಮುಖ್ಯವಾದ ನಕ್ಷೆಗಳನ್ನು ಹೇಗೂ ಗಾಜಿನ ಮೇಲೆಯೇ ಇಡಿ.

ಪ್ರಶ್ನೆ: ಕಚೇರಿ ಬೇರೆ ಕಟ್ಟಡಕ್ಕೆ ಸ್ಥಳಾಂತರವಾಯಿತು. ಹಿಂದಿನ ದಿನದವರೆಗೂ ಸರಿಯಿದ್ದ ಯಂತ್ರ ಇಲ್ಲಿ ಆನ್ ಮಾಡಿದರೆ ಗರಗರ ಸದ್ದು, ಸ್ಕ್ಯಾನರ್ ಎರರ್.
— ಗ್ರಂಥಪಾಲಕರು, ಮೈಸೂರು

ಉತ್ತರ: ತಕ್ಷಣ ಆಫ್ ಮಾಡಿ. ಸಾಗಿಸುವಾಗ ಕ್ಯಾರೇಜ್ ಅಲ್ಲಾಡದಂತೆ ಲಾಕ್ ಹಾಕಿರುತ್ತಾರೆ: ಕೆಲವದರಲ್ಲಿ ಗಾಜಿನ ಪಕ್ಕ ಬೀಗದ ಚಿತ್ರವಿರುವ ಚಿಕ್ಕ ಲಿವರ್, ಕೆಲವದರಲ್ಲಿ ತಳದಿಂದಲೋ ಪಕ್ಕದಿಂದಲೋ ಹಾಕಿದ ಬಣ್ಣದ ಸ್ಕ್ರೂ. ಅದನ್ನು ಬಿಡಿಸಿ ಆನ್ ಮಾಡಿ. ಲಾಕ್ ಹಾಕಿಯೇ ಇರಲಿಲ್ಲ ಎಂದಾದರೆ ದಾರಿಯ ಕುಲುಕಾಟಕ್ಕೆ ಬೆಲ್ಟ್ ಹಲ್ಲು ತಪ್ಪಿರುತ್ತದೆ ಅಥವಾ ಕನ್ನಡಿ ಎಳೆಯುವ ತಂತಿ ರಾಟೆಯಿಂದ ಜಾರಿರುತ್ತದೆ. ಬೆಲ್ಟನ್ನು ಕೂರಿಸುವುದು ಸುಲಭ. ತಂತಿ ಜಾರಿದ್ದರೆ ಎರಡೂ ಬದಿಯ ಸುತ್ತುಗಳನ್ನು ಅಳತೆ ಮಾಡಿ ಸಮ ಮಾಡಬೇಕು, ಇಲ್ಲವಾದರೆ ಪ್ರತಿ ಕಾಪಿಯೂ ಓರೆ ಬರುತ್ತದೆ. ಆ ಯಂತ್ರ ಬಲ್ಲವರನ್ನೇ ಕರೆಸಿ.